ಜೇನುಬಂಡೆಯ ಮೇಲೆ ಒಂದು ಪರೀಕ್ಷೆ

“ಕಾಡಲ್ಲಿರೋ ಇರುಳಿಗರ ಹೈದ ನಾಕನೇ ಕ್ಲಾಸು ಪಾಸು ಮಾಡೋದಾ? ಆಗದ ಮಾತು ಬುಡಿ ಸಾ” ಎಂದವರು ಮಳವಳ್ಳಿ ತಾಲ್ಲೂಕಿನ ಕಾಡಂಚಿನ ಶಾಲೆಯೊಂದರ ಮೇಷ್ಟ್ರು ಪುಟ್ಟಸ್ವಾಮಪ್ಪ. ಅದು ೧೯೪೩. ನಾನು ಆ ಕಡೆಯ ಸ್ಕೂಲ್ ಇನ್ಸ್‌ಪೆಕ್ಟರ್. ಬಂಡೂರು ಕುರಿ ಮಾರಿ ಅಪ್ಪ ಓದಿಸಿದ, ನಮ್ಮ ವಂಶಕ್ಕೇ ಮೊದಲ ಬಿ.ಎ. ನಾನು. ಹೆಮ್ಮೆ ಇತ್ತು, ಈಗಲೂ ಇದೆ. ‘ಆಗದ ಮಾತು’ ಎಂಬುದನ್ನು ನನ್ನ ವಿಷಯದಲ್ಲೂ ಬೇಕಾದಷ್ಟು ಕೇಳಿದ್ದೆ.

ಹುಡುಗನ ಹೆಸರು ಕೆಂಚ. ತಡವಾಗಿ ಶಾಲೆಗೆ ಸೇರಿದವನು, ಮೀಸೆ ಚಿಗುರುತ್ತಿತ್ತು. ಹಿಂದಿನ ತಪಾಸಣೆಯಲ್ಲಿ ಅವನ ಓದು ಕೇಳಿ ನಾನೇ ಪರೀಕ್ಷೆಗೆ ಹೆಸರು ಬರೆಸಿದ್ದೆ. ಪರೀಕ್ಷೆಯ ದಿನ ಅವನೇ ಇಲ್ಲ.

“ಅಕ್ಕನ ಗಂಡ ಇಸ್ಕೂಲ್ ಬುಡಿಸ್ಬುಟ್ಟ. ಜೇನು ಕೀಳ್ತಾವ್ರೆ. ನಾನೇಳ್ನಿಲ್ವಾ?” ಎಂದರು ಮೇಷ್ಟ್ರು.

ಉಳಿದ ಮಕ್ಕಳ ಪರೀಕ್ಷೆ ಮುಗಿಸಿ, ಮೇಷ್ಟ್ರನ್ನೂ ಕರೆದುಕೊಂಡು ಕಾಡಿನ ಬಂಡೆ ಹತ್ತಿದೆ.

ತುದಿಯಲ್ಲಿ ಕೆಂಚ ಮರಕ್ಕೆ ಸುತ್ತಿದ ಹಗ್ಗ ಹಿಡಿದು ನಿಂತಿದ್ದ. ಕೆಳಗೆ ಪ್ರಪಾತದಲ್ಲಿ ಅವನ ಭಾವ ಮಾದ, ಹೊಗೆಯ ಪಂಜು ಹಿಡಿದು ತೂಗುತ್ತಿದ್ದ. ಮೇಲಿನಿಂದ ಅವನು ಕಾಣುತ್ತಿರಲಿಲ್ಲ. ಅವನ ಹಾಡು ಮಾತ್ರ ಮೇಲೆ ಬರುತ್ತಿತ್ತು, ಇರುಳಿಗರ ಮಾತಿನಲ್ಲಿ. ಕೆಂಚ ಸಾಲಿಗೆ ಸಾಲು ಉತ್ತರ ಹಾಡುತ್ತಿದ್ದ. ಒಂದು ಸಾಲಿಗೆ ಹಗ್ಗ ಸಡಿಲ, ಇನ್ನೊಂದಕ್ಕೆ ಬಿಗಿ. ನಡುವೆ ಹೆಜ್ಜೇನಿನ ಮೊರೆತ. ನನಗೆ ಒಂದು ಪದವೂ ತಿಳಿಯಲಿಲ್ಲ. ಒಂದು ಜೀವ ಒಂದು ಭಾಷೆಯನ್ನು ಹಿಡಿದು ನೇತಾಡುವುದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಪಕ್ಕಕ್ಕೆ ತಿರುಗಿದರೆ ಮೇಷ್ಟ್ರು ಮೆಟ್ಟು ಬಿಟ್ಟು, ಗುಡಿಯ ಮುಂದೆ ನಿಂತಂತೆ ನಿಂತಿದ್ದರು.

ಮಾದ ಮೇಲೆ ಬಂದ. ಕಚ್ಚಿಸಿಕೊಂಡು ಮುಖ ಊದಿತ್ತು. ಹುಡುಗನನ್ನು ಯಾಕೆ ಬಿಡಿಸಿದೆ ಎಂದೆ.

“ಇಸ್ಕೂಲಲ್ಲಿ ನಮ್ಮಾತು ಆಡುದ್ರೆ ಒಡೀತಾರೆ ಸೋಮಿ. ಮಾತು ಮರ್ತು ಓದ್ಸಲ ಹಾಡಲ್ಲಿ ತಡವರಿಸ್ಬುಟ್ಟ. ಮ್ಯಾಗಿರೋನು ತಡವರಿಸುದ್ರೆ ಕೆಳಗಿರೋನ ಗತಿ?”

“ಹಗ್ಗ ಬೇರೆಯವರು ಹಿಡಿಯಬಾರದೇ?”

“ಹೆಂಡ್ತಿ ತಮ್ಮನೇ ಇಡೀಬೇಕು. ಅಕ್ಕನ್ನ ಮುಂಡೆ ಮಾಡಾಕೆ ಯಾವ ತಮ್ಮ ಬುಟ್ಟಾನು? ನನ್ನ ಸ್ವಂತ ಅಣ್ಣನಾದ್ರೆ ಬುಟ್ರೂ ಬುಟ್ಟ!” ಎಂದು ಊದಿದ ಮುಖದಲ್ಲೇ ನಕ್ಕ.

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, “ಇನ್ನ ಒಡಿಯಾಕಿಲ್ಲ ಕಣಪ್ಪ. ಅವನು ಯಾವ ಮಾತಾರಾ ಆಡ್ಲಿ” ಎಂದರು.

ಪರೀಕ್ಷೆಯ ಸ್ಥಳ ಗೊತ್ತುಮಾಡುವ ಅಧಿಕಾರ ನನಗಿತ್ತು. “ಇಲ್ಲೇ ಕೇಳಲೇ?” ಎಂದೆ. ಮಾದ ಹುಡುಗನನ್ನೂ ಮೇಷ್ಟ್ರನ್ನೂ ನೋಡಿ, “ಕೇಳಿ, ಅದ್ನೂ ನೋಡ್ಬುಡಾನ” ಎಂದು ಕುಕ್ಕರಗಾಲಲ್ಲಿ ಕೂತ. ಉಕ್ತಲೇಖನ, ಓದು, ಲೆಕ್ಕ, ಎಲ್ಲವೂ ಬಂಡೆಯ ಮೇಲೆಯೇ ಆಯಿತು. ಮೇಷ್ಟ್ರು ತಂದಿದ್ದ ಸ್ಲೇಟಿಗೆಲ್ಲ ಜೇನು ಮೆತ್ತಿತ್ತು. ಭಾಗಾಕಾರದಲ್ಲಿ ಒಮ್ಮೆ ಎಡವಿದ, ಉಳಿದದ್ದೆಲ್ಲ ಸರಿ. ಪಾಸಾದ.

ಮಗು ಮನೆಯಿಂದ ತಂದ ಮಾತಿನ ಜೊತೆಗೆ ಇನ್ನೊಂದನ್ನು ಸೇರಿಸುವುದೇ ಶಾಲೆಯ ಕೆಲಸ ಎಂದು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಆ ಬಂಡೆಯ ಮೇಲೆ. ಅಲ್ಲಿಂದ ಮುಂದೆ ಯಾವ ಶಾಲೆಗೆ ಹೋದರೂ ಮಕ್ಕಳಿಗೆ ನನ್ನ ಮೊದಲ ಪ್ರಶ್ನೆ, “ಮನೇಲಿ ಏನು ಮಾತಾಡ್ತೀರಿ?”

ಸರ್ಟಿಫಿಕೇಟು ಬಂದ ದಿನ ಅದನ್ನು ಮೇಷ್ಟ್ರ ಕೈಯಿಂದಲೇ ಕೊಡಿಸಿದೆ. ಕೆಂಚ ಎರಡೂ ಕೈ ಚಾಚಿದ. ಅಂಗೈ ತುಂಬ ಹಗ್ಗದ ಜಡ್ಡು. ಬಾಗಿಲಲ್ಲಿ ನಿಂತಿದ್ದ ಮಾದ ಅಲ್ಲಿಂದಲೇ ಕೂಗಿದ:

“ಬಿಗಿಯಾಗಿ ಇಡ್ಕೊಳ್ಲಾ. ಇದ್ನೂ ಬುಡ್ಬ್ಯಾಡ, ನನ್ನ ಹಗ್ಗಾನೂ ಬುಡ್ಬ್ಯಾಡ.”