ದುಂಡಸಿ ಬಸ್ಸಿನಲ್ಲಿ ಬಂದ ವಾಸನೆ

ಇಂಥ ಸಂಗತಿಗಳನ್ನು ನಾನು ನಂಬುವವನಲ್ಲ. ನಮ್ಮ ಕಡೆ ನಾಲ್ಕು ಮಂದಿ ಕಟ್ಟೆಗೆ ಕೂತರೆ ಸಾಕು, ಒಬ್ಬನ ಸೋದರಮಾವನಿಗೆ ಮುಂದಾಗುವುದೆಲ್ಲ ಮೊದಲೇ ತಿಳಿದಿರುತ್ತದೆ, ಇನ್ನೊಬ್ಬನ ಅತ್ತೆಗೆ ಕಳೆದುಹೋದ ಎಮ್ಮೆ ಕನಸಿನಲ್ಲಿ ಬಂದು ದಾರಿ ಹೇಳಿರುತ್ತದೆ. "ಕನಸಿನ್ಯಾಗ ಹಾಲೂ ಹಿಂಡಿದಳೇನು?" ಎಂದು ಕೇಳಿ ನಗುವವರ ಪೈಕಿ ನಾನು. ಈಗ ಹೇಳುವುದನ್ನು ನೀವೂ ಹಾಗೇ ನಕ್ಕು ಪಕ್ಕಕ್ಕಿಟ್ಟರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಮೊದಲು ನನ್ನ ಮೂಗಿನ ವಿಷಯ ಹೇಳಬೇಕು. ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ನನಗೆ ಕೆಲಸ. ತೌಡಿನ ಧೂಳು ಕುಡಿದು ಕುಡಿದು ಮೂಗು ಯಾವಾಗಲೂ ಕಟ್ಟಿರುತ್ತದೆ. ಒಲೆಯ ಮೇಲೆ ಹಾಲು ಹೊತ್ತಿ ತಳ ಹಿಡಿದರೂ ಅಲ್ಲೇ ಕೂತು ಪೇಪರ್ ಓದುವ ಮನುಷ್ಯ. "ನಿಮ್ಮ ಮುಖದ ಮ್ಯಾಲೆ ಅದೊಂದು ಬರೇ ಶೋಕಿಗೆ ಐತಿ ನೋಡ್ರಿ" ಎಂದು ನನ್ನ ಹೆಂಡತಿ ಗಿರಿಜಾ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ, ಸುಳ್ಳೇನಲ್ಲ.

ಇದು ನಡೆದದ್ದು ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ. ಆಗ ನಮ್ಮ ಮಗಳಿನ್ನೂ ತೊಟ್ಟಿಲಿನ ಕೂಸು. ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದವಳು, ಹೀಗಾಗಿ ಮನೆಯಲ್ಲಿ ಅವಳದೇ ದರ್ಬಾರು. ಮೊದಮೊದಲು ಅವ್ವ ಜೋಗುಳ ಹಾಡಿ ಮಲಗಿಸುತ್ತಿದ್ದಳು. ಅವ್ವನಿಗೆ ದಮ್ಮು ಶುರುವಾದ ಮೇಲೆ ಆ ಕೆಲಸ ಗಿರಿಜಾಳ ಫೋನಿಗೆ ಬಂತು. ಹಾಡು ಹಚ್ಚಿ ಫೋನನ್ನು ತೊಟ್ಟಿಲಿನಲ್ಲೇ, ಕೂಸಿನ ತಲೆಯ ಹತ್ತಿರ ಇಡುವುದು. ಬೆಳಕು ಕಣ್ಣಿಗೆ ಬೀಳಬಾರದೆಂದು ಅದನ್ನು ಕೌದಿಯ ಮಡಿಕೆಯೊಳಗೆ ಸೇರಿಸುವುದು. ಹಾಡು ನಿಂತರೆ ಕೂಸು ಏಳುತ್ತದೆಂದು ಚಾರ್ಜರ್ ವಯರನ್ನೂ ಅಲ್ಲಿಗೇ ಎಳೆದು ಸಿಕ್ಕಿಸುವುದು. ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ಇದೇ ಪದ್ಧತಿ, ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿ ಎಷ್ಟು ಮೆತ್ತಗೋ ಅಷ್ಟೇ ಬೆಚ್ಚಗೆ. ಒಳಗಿಟ್ಟದ್ದರ ಕಾವು ಹೊರಗೆ ಹೋಗುವುದಿಲ್ಲ.

ಆ ಫೋನಿನ ಬೆನ್ನು ಕೆಲವು ದಿನಗಳಿಂದ ಸ್ವಲ್ಪ ಮೇಲೆದ್ದಿತ್ತು. ಕೆಳಗೆ ಬಿದ್ದದ್ದಕ್ಕೆ ಹಾಗಾಗಿದೆ ಎಂದುಕೊಂಡೆವು. ಅವ್ವ ಹಳೆಯ ಲಂಗದ ಲಾಡಿ ತಂದು ಅದನ್ನು ಗಟ್ಟಿಯಾಗಿ ಕಟ್ಟಿದಳು. ಬಾಯಿ ಬಿಟ್ಟ ಪೆಟ್ಟಿಗೆಯಿಂದ ಹಿಡಿದು ಒಡೆದ ಮೊರದವರೆಗೆ ಎಲ್ಲಕ್ಕೂ ಅವ್ವನ ಹತ್ತಿರ ಒಂದೇ ಔಷಧ, ಲಾಡಿ. ಒಳಗಿನ ಬ್ಯಾಟರಿ ಉಬ್ಬುತ್ತಿದೆ ಎಂಬುದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅಂದು ಭತ್ತ ನೋಡಲು ದುಂಡಸಿಗೆ ಹೋಗಿದ್ದೆ. ಕೆಲಸ ಮುಗಿಸಿ ಮಧ್ಯಾಹ್ನ ಶಿಗ್ಗಾಂವಿಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು, ಹೊಟ್ಟೆ ತುಂಬಿತ್ತು, ತೂಕಡಿಕೆಯೂ ಬರುತ್ತಿತ್ತು. ಆಗ ಆ ವಾಸನೆ ಬಂತು. ಹೇಗೆ ಹೇಳಲಿ, ಕೊಳೆತ ಬಾಳೆಹಣ್ಣಿಗೆ ಸೀಮೆಎಣ್ಣೆ ಸುರಿದಂಥ ವಾಸನೆ. ಸಿಹಿಯಾಗಿತ್ತು, ಆದರೆ ಗಂಟಲು ಹಿಡಿಯುವಂಥ ಸಿಹಿ. ಎಷ್ಟೋ ವರ್ಷದಿಂದ ಯಾವ ವಾಸನೆಯೂ ನನ್ನ ಮೂಗಿನೊಳಗೆ ಹಾಗೆ ನುಗ್ಗಿರಲಿಲ್ಲ. ನಾನು ಎದ್ದು ನಿಂತು, ಯಾರೋ ನನ್ನ ಬಾಯಿಂದ ಹೇಳಿಸಿದ ಹಾಗೆ ಕೂಗಿಬಿಟ್ಟೆ.

"ಫೋನ್ ಸುಡಾಕತ್ತೈತ್ರಿ! ಎಲ್ಲಾರೂ ನಿಮ್ಮ ನಿಮ್ಮ ಫೋನ್ ತಗದು ನೋಡ್ರಿ!"

ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ಜನ ಗಾಬರಿಯಾಗಿ ಜೇಬು, ಚೀಲ ತಡಕಾಡಿದರು. ಒಬ್ಬಾಕೆ ಸೊಂಟದ ಸಂಚಿಯಿಂದ ಫೋನು ತೆಗೆದು ಕೆನ್ನೆಗೆ ಒತ್ತಿ ನೋಡಿಕೊಂಡಳು. ಯಾರದೂ ಬಿಸಿಯಾಗಿರಲಿಲ್ಲ. ನನ್ನದಂತೂ ತಣ್ಣಗಿತ್ತು. ಹಿಂದಿನ ಸೀಟಿನ ಮುದುಕರೊಬ್ಬರು, "ನನ್ನ ಹಂತ್ಯಾಕ ಫೋನ ಇಲ್ಲಪಾ. ಬೀಡಿ ಐತಿ, ಅದನ್ನೂ ಇನ್ನಾ ಹಚ್ಚಿಲ್ಲ" ಎಂದಾಗ ಇಡೀ ಬಸ್ಸು ನಕ್ಕಿತು.

"ಬ್ರೇಕಿನ ವಾಸನಿ ಇರಬೇಕ್ರಿ ಸರ. ಕುಂದರ್ರಿ, ಕುಂದರ್ರಿ" ಎಂದ ಕಂಡಕ್ಟರ್. ಡ್ರೈವರ್ ಇಳಿದು ಗಾಲಿಗಳನ್ನು ನೋಡಿ ಬಂದು ತಲೆ ಅಲ್ಲಾಡಿಸಿದ. ಅವನಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಪಕ್ಕದವರನ್ನು ಕೇಳಿದೆ. ಅವರಿಗೂ ಇಲ್ಲ. ನನಗೆ ಮಾತ್ರ ಅದು ಕ್ಷಣ ಕ್ಷಣಕ್ಕೂ ಹೆಚ್ಚಾಗುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು.

ಆಗ ಮನೆಗೆ ಫೋನು ಮಾಡಿದೆ. ಯಾಕೆ ಮಾಡಿದೆ ಎಂದು ಕೇಳಬೇಡಿ, ಅದನ್ನೇ ನಾನೂ ಇವತ್ತಿಗೂ ಕೇಳಿಕೊಳ್ಳುತ್ತಿದ್ದೇನೆ. ಮಧ್ಯಾಹ್ನ ಆ ಹೊತ್ತಿನಲ್ಲಿ ಗಿರಿಜಾಳ ಫೋನಿಗೆ ಯಾರೂ ಕರೆ ಮಾಡಬಾರದು ಎಂಬುದು ನಮ್ಮ ಮನೆಯ ಕಾನೂನು. ಹಾಡು ನಿಂತು ರಿಂಗು ಬಡಿದರೆ ಕೂಸು ಎದ್ದು ಊರು ಒಂದು ಮಾಡುತ್ತದೆ. ಆ ಕಾನೂನನ್ನು ನಾನು ಒಂದು ದಿನವೂ ಮುರಿದವನಲ್ಲ. ಅಂದು ಮುರಿದೆ.

ಬಹಳ ಹೊತ್ತು ರಿಂಗಾಯಿತು. ಕೊನೆಗೆ ಎತ್ತಿದಳು. ಹಿಂದೆ ಕೂಸಿನ ಅಳು. "ನಿಮಗ ಬುದ್ಧಿ ಐತೇನ್ರಿ? ಈಗರ ಮಲಗಿತ್ತು, ಹಿತ್ತಲದಾಗ ಬಟ್ಟಿ ಒಗ್ಯಾಕತ್ತಿದ್ದೆ, ಓಡಿ ಬರೂದಾತು..." ಎಂದು ಶುರು ಮಾಡಿದವಳು ನಡುವೆ, "ಅಯ್ಯ, ಇದ್ಯಾಕ ಇಷ್ಟ ಸುಡತೈತಿ..." ಎಂದಳು. ಆಮೇಲೆ ಒಂದು ಚೀರು. ಅಷ್ಟಕ್ಕೇ ಕರೆ ಕಡಿಯಿತು.

ಮತ್ತೆ ಮಾಡಿದರೆ ಸ್ವಿಚ್ ಆಫ್. ಮನೆಯಲ್ಲಿ ಬೇರೆ ಫೋನಿಲ್ಲ. ಬಸ್ಸು ಮುಂದೆ ಹೊರಟಿತ್ತು. ಗಾಬರಿಯಲ್ಲಿ ಪಕ್ಕದ ಮನೆಯ ಖಾದರ್ ಕಾಕಾನ ಹೆಸರು ಹುಡುಕುವಷ್ಟರಲ್ಲಿ ಎರಡು ಸಲ ಬೇರೆ ಯಾರಿಗೋ ಹಚ್ಚಿದೆ. ಬದುಕಿನಲ್ಲಿ ಅಷ್ಟು ಹೆದರಿದ್ದು ಅದಕ್ಕೂ ಮೊದಲಿಲ್ಲ, ಆಮೇಲೂ ಇಲ್ಲ. ಕೊನೆಗೆ ಕಾಕಾ ಸಿಕ್ಕು, ನಮ್ಮ ಮನೆಗೆ ಓಡಿ ಹೋಗಿ, ಅಲ್ಲಿಂದಲೇ ಮಾತಾಡಿದ.

"ಕೂಸು ಅರಾಮೈತಿ ತಮ್ಮಾ, ಗಾಬರಿ ಆಗಬ್ಯಾಡ. ನಿಮ್ಮ ಅವ್ವನ ತೊಡಿ ಮ್ಯಾಲೈತಿ. ಫೋನು ಅಂಗಳದಾಗ ಉರಿಯಾಕತ್ತಿತ್ತು, ಉಸುಕು ಹಾಕೇನಿ."

ನಾನು ಬಸ್ಸಿನಲ್ಲೇ ಅತ್ತೆ. ಬೀಡಿಯ ಮುದುಕರು ಈ ಸಲ ನಗಲಿಲ್ಲ, ನೀರಿನ ಬಾಟಲಿ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ಮೂಗು ಎಂದಿನಂತೆ ಕಟ್ಟಿಕೊಂಡಿತ್ತು, ವಾಸನೆಯ ಸುಳಿವೂ ಇರಲಿಲ್ಲ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಗಿರಿಜಾಳ ಬೆರಳುಗಳಿಗೆ ಬೊಬ್ಬೆಗಳು ಬಂದಿದ್ದವು. ಅವಳು ಬಿಸಿ ತಾಳಲಾರದೆ ಫೋನನ್ನು ಬಾಗಿಲಾಚೆ ಎಸೆದಿದ್ದಳು, ಅದು ಅಂಗಳದ ಕಲ್ಲಿಗೆ ಬಿದ್ದ ಮೇಲೆ ಭುಗಿಲೆಂದಿತ್ತು. ತೊಟ್ಟಿಲಿನ ಕೌದಿ ಬಿಡಿಸಿ ನೋಡಿದೆವು. ಒಳಪದರು ಕೆಂಪಗೆ ಸೀದು ಹೋಗಿತ್ತು, ಮೇಲಿನ ಪದರಿಗೆ ಏನೂ ಆಗಿರಲಿಲ್ಲ. ಮಗಳ ತಲೆ ಇರುತ್ತಿದ್ದ ಜಾಗಕ್ಕೂ ಆ ಕಲೆಗೂ ನಡುವೆ ನನ್ನ ಅಂಗೈಯಷ್ಟು ಜಾಗವೂ ಇರಲಿಲ್ಲ. ಅವ್ವ ಲಾಡಿಯನ್ನು ನೆನೆದು ನೆನೆದು ತನ್ನನ್ನೇ ಬೈದುಕೊಂಡಳು. ಅವಳನ್ನು ಸಮಾಧಾನ ಮಾಡುವುದೇ ಒಂದು ಕೆಲಸವಾಯಿತು.

ಬಸ್ಸಿನ ವಿಷಯ ನಾನಿನ್ನೂ ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಗಿರಿಜಾಳೇ ಮೂಗಿಗೆ ಸೆರಗು ಹಿಡಿದು, "ಏನ ವಾಸನಿರಿ ಅದು! ಸುಟ್ಟ ವಾಸನಿ ಅಲ್ಲ. ಸಿಹಿ ಇತ್ತು, ಹಣ್ಣು ಕೊಳತಂಗ" ಎಂದಳು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ.

ಆಮೇಲೆ ಬಹಳ ಯೋಚಿಸಿದ್ದೇನೆ. ಹಾನಗಲ್ಲಿನ ಮೊಬೈಲ್ ಅಂಗಡಿಯವರನ್ನು ಕೇಳಿದೆ. ಉಬ್ಬಿದ ಬ್ಯಾಟರಿ ಸೋರಿದರೆ ಅಂಥ ಸಿಹಿ ವಾಸನೆ ಬರುವುದುಂಟು, ಬೆನ್ನು ಎದ್ದ ಫೋನನ್ನು ಒತ್ತಬಾರದು, ಕಟ್ಟಬಾರದು, ಚಾರ್ಜಿಗೆ ಇಡಬಾರದು ಎಂದರು. ಇದನ್ನು ನೀವೂ ನೆನಪಿಡಿ, ಉಳಿದದ್ದು ಮರೆತರೂ ಚಿಂತೆಯಿಲ್ಲ. ಬೆಳಿಗ್ಗೆ ಮಗಳನ್ನು ಮುದ್ದಾಡುವಾಗಲೇ ಆ ವಾಸನೆ ನನ್ನ ಅಂಗಿಗೆ ಹತ್ತಿರಬಹುದು ಎಂದು ಒಂದು ಲೆಕ್ಕ ಹಾಕಿದೆ. ಆದರೆ ಹಾಲು ಹೊತ್ತಿದ್ದು ತಿಳಿಯದ ಮೂಗಿಗೆ ಅದು ಹೇಗೆ ತಿಳಿಯಿತು? ಪಕ್ಕದಲ್ಲೇ ಕೂತವರಿಗೆ ಯಾಕೆ ತಿಳಿಯಲಿಲ್ಲ? ಎಲ್ಲಕ್ಕಿಂತ ಹೆಚ್ಚಾಗಿ, ಬ್ಯಾಟರಿ ಸೋರಿದ ವಾಸನೆಯನ್ನು ನಾನು ಹುಟ್ಟಿದಾಗಿನಿಂದ ಕಂಡವನೇ ಅಲ್ಲ. ಬಸ್ಸಿನಲ್ಲಿ ಎದ್ದು ನಿಂತು "ಫೋನ್" ಎಂದು ಹೇಗೆ ಕೂಗಿದೆ?

ಇಷ್ಟಕ್ಕೇ ಮುಗಿದಿದ್ದರೆ ದೈವ ದೊಡ್ಡದು ಎಂದು ಸುಮ್ಮನಾಗುತ್ತಿದ್ದೆನೇನೋ. ಹೋದ ತಿಂಗಳು ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ಮತ್ತೆ ಅದೇ ವಾಸನೆ, ಅದೇ ಗಂಟಲು ಹಿಡಿಯುವ ಸಿಹಿ. ಲೋಟ ಕೆಳಗಿಟ್ಟು ಗಿರಿಜಾಳಿಗೆ ಫೋನು ಮಾಡಿದೆ. ಮಗಳು ಅಂಗಳದಲ್ಲಿ ಆಡುತ್ತಿದ್ದಳು, ಮನೆಯಲ್ಲಿ ಎಲ್ಲ ಸರಿಯಾಗಿತ್ತು. ಸವಣೂರಿನಲ್ಲಿರುವ ಅಕ್ಕನಿಗೆ ಮಾಡಿದೆ, ಅಲ್ಲೂ ಸರಿ. ಖಾದರ್ ಕಾಕಾನಿಗೆ, ಗಿರಣಿಗೆ, ಗೆಳೆಯರಿಗೆ, ಗುರುತಿನ ರೈತರಿಗೆ, ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಒತ್ತಿದೆ. ಎಲ್ಲರೂ ಆರಾಮ. ಕೆಲವರು ನಕ್ಕರು, ಕೆಲವರು ಬೈದರು. ವಾಸನೆ ಮಾತ್ರ ಹೆಚ್ಚಾಗುತ್ತಲೇ ಹೋಯಿತು. ಇನ್ನು ಕರೆ ಮಾಡಲು ನನ್ನ ಬಳಿ ಹೆಸರುಗಳೇ ಉಳಿದಿರಲಿಲ್ಲ.

ಆಮೇಲೆ ಅದು ಒಮ್ಮೆಲೇ ನಿಂತಿತು. ಎಲ್ಲೋ, ನನಗೆ ಗುರುತಿಲ್ಲದ ಮನೆಯಲ್ಲಿ, ಯಾರೋ ಹಿತ್ತಲಿನಿಂದ ಓಡಿ ಬಂದು ಕೂಸನ್ನು ಎತ್ತಿಕೊಂಡರೋ ಇಲ್ಲವೋ, ನನಗೆ ಗೊತ್ತಿಲ್ಲ.