ರೋಗವಿಲ್ಲದ ಗಿಣಿ

ಮಗಳಿಗೆ ಗಿಣಿ ಬೇಕಾಗಿತ್ತು, ನನಗೆ ರೋಗವಿಲ್ಲದ ಗಿಣಿ ಬೇಕಾಗಿತ್ತು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಧಾರವಾಡದಿಂದ ಕಾಶಿಗೆ ಬಂದು, ಹರಿಶ್ಚಂದ್ರ ಘಾಟಿನ ಹತ್ತಿರದ ಓಣಿಯಲ್ಲಿ ಮನೆ ಮಾಡಿದ್ದೆವು. ಗೆಳತಿಯರನ್ನು ಬಿಟ್ಟು ಬಂದ ಹುಡುಗಿ ಮಂಕಾಗಿದ್ದಳು. ಅದಕ್ಕೇ ಒಪ್ಪಿದೆ.

ಹಕ್ಕಿ ಅಂಗಡಿಯವನ ಜೀವ ತಿಂದೆ. ನನ್ನ ಹರಕು ಹಿಂದಿಯಲ್ಲಿ, ಮಗಳ ಎದುರಿಗೇ, "ಬೀಮಾರಿ ಕಂಡಿತೋ, ಅದೇ ದಿನ ವಾಪಸ್ ತಂದು ಒಗೀತೀನಿ" ಎಂದೆ.

"ಎಲ್ಲರೂ ಅದನ್ನೇ ಕೇಳ್ತಾರೆ ಬೆಹನ್‌ಜೀ. ನೋಡಿ, ಏಕ್‌ದಂ ತಂದುರುಸ್ತ್, ಗಟ್ಟಿಮುಟ್ಟು."

ಕಿತ್ತಳೆ ಬಣ್ಣದ ವಿದೇಶಿ ಗಿಣಿ, ರೆಕ್ಕೆ ಮಿರಮಿರ ಮಿಂಚುತ್ತಿತ್ತು. ಜೊತೆಗೆ ಒಂದು ಬಾಟಲಿ ಹಳದಿ ನೀರು ಕೊಟ್ಟು, ತಾಕತ್ತಿನ ದವಾ, ಶಕ್ತಿಗೆ ಔಷಧ, ದಿನಾ ಇದನ್ನೇ ಕುಡಿಸಿ ಎಂದ.

ಮನೆಯಲ್ಲಿ ನಮ್ಮ ಅತ್ತೆಯ ಮಡಿ. "ಅಂಗಡಿ ನೀರು ಚೆಲ್ಲವಾ. ಕಾಶ್ಯಾಗ ಇದ್ದು ಜೀವಕ್ಕ ಗಂಗಾ ಕುಡಸೂದು ಬಿಟ್ಟು, ಇದೆಂಥಾ ಬಣ್ಣದ ನೀರು?" ಎಂದು ಬಾಟಲಿಯನ್ನು ಮೋರಿಗೆ ಸುರಿದು, ದೇವರ ಮನೆಯ ತಾಮ್ರದ ತಂಬಿಗೆಯಿಂದ ಬಟ್ಟಲು ತುಂಬಿದರು. ನನಗೂ ಸರಿಯೆನಿಸಿತು.

ಸ್ವಲ್ಪ ದಿನಕ್ಕೆ ಮಗಳಿಗೆ ಜ್ವರ ಹತ್ತಿತು. ಉಸಿರಾಡಿದರೆ ಪಕ್ಕೆ ಒಳಕ್ಕೆ ಸೇದುತ್ತಿತ್ತು. ಆಸ್ಪತ್ರೆಗೆ ಸೇರಿಸಿದೆವು, ಔಷಧ ನಾಟಲಿಲ್ಲ. ಬಟ್ಟೆಬರೆಗೆಂದು ಮನೆಗೆ ಹೋದಾಗ ಓಣಿಯಲ್ಲಿ ಹೆಣ ಸಾಗುತ್ತಿತ್ತು. ದಿನವೂ ಕೇಳಿ ರೂಢಿಯಾಗಿದ್ದ 'ರಾಮ ನಾಮ ಸತ್ಯ ಹೈ' ಆ ದಿನ ಕೇಳಿಸಿಕೊಳ್ಳಲಾಗಲಿಲ್ಲ. ಬಾಗಿಲು ಹಾಕಿಕೊಂಡು, ದೇವರೇ ಇದೊಂದು ಬೇಡ ಎಂದು ಅತ್ತುಬಿಟ್ಟೆ.

ಡಾಕ್ಟರು ಕೇಳಿದರು, "ಮನೆಯಲ್ಲಿ ಹಕ್ಕಿ ಇದೆಯಾ?"

"ಇದೆ. ಆದರೆ ರೋಗವಿಲ್ಲದ್ದು."

ಗಂಡ ಹೋಗಿ ನೋಡಿದರೆ ಗಿಣಿ ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು. ನಾನು ಅಂಗಡಿಗೆ ಓಡಿದೆ.

"ದವಾ ನಿಲ್ಲಿಸಿದಿರಾ?" ಅಂಗಡಿಯವನ ಮುಖ ಬಿಳಚಿಕೊಂಡಿತು. "ಎಲ್ಲರಿಗೂ ಬೀಮಾರಿ ಇಲ್ಲದ್ದೇ ಬೇಕು. ಎಲ್ಲಿಂದ ತರಲಿ? ಎಲ್ಲಿಂದೆಲ್ಲಿಂದಲೋ ಒಂದೇ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ತುಂಬಿ ಕಳಿಸ್ತಾರೆ. ದವಾ ಹೊಟ್ಟೇಲಿರೋ ತನಕ ರೋಗ ಕಾಣೋದಿಲ್ಲ, ಅಷ್ಟೇ."

ಅವನ ಕುತ್ತಿಗೆ ಹಿಡಿಯಬೇಕೆನಿಸಿತು. ಅದಕ್ಕೂ ಪುರುಸೊತ್ತಿರಲಿಲ್ಲ. ಓಡಿ ಬಂದು ಎಲ್ಲವನ್ನೂ ಡಾಕ್ಟರಿಗೆ ಹೇಳಿದೆ. ಇದು ಗಿಣಿಯಿಂದ ಅಂಟಿದ ಜ್ವರ ಎಂದು ಅವರು ಔಷಧ ಬದಲಿಸಿದರು.

ಮರುದಿನ ಮಗಳು ಆಕ್ಸಿಜನ್ ಮಾಸ್ಕಿನೊಳಗಿಂದ ಏನೋ ಅಂದಳು. ಬಗ್ಗಿದೆ.

"ಅಮ್ಮಾ, ಗಿಣಿ ಭಾಳ ದಿನದಿಂದ ಸುಸ್ತ್ ಇತ್ತು. ನಾ ಹೇಳಲಿಲ್ಲ."

"ಯಾಕವ್ವಾ?"

"ನೀ ವಾಪಸ್ ಕೊಟ್ಟುಬಿಡ್ತಿದ್ದಿ. ನಾನೂ ದಿಂಬಿನಾಗ ಬಾಯಿ ಇಟ್ಟು ಕೆಮ್ಮತಿದ್ದೆ." ಉಸಿರು ಎಳೆದುಕೊಂಡಳು. "ಈಗ ನನ್ನೂ ವಾಪಸ್ ಕೊಡ್ತೀ ಏನು?"

ಮಗಳು ಗುಣವಾದಳು. ಆದರೆ ಇಂದಿಗೂ ಕೆಮ್ಮು ಬಂದರೆ ಮೊದಲು ನನ್ನ ಮುಖ ನೋಡುತ್ತಾಳೆ.