ಆಲದ ಕಟ್ಟೆಯಲ್ಲಿ ಕೂತವರು

ಕುಮುದಿನಿಬಾಯಿ ಅಕ್ಕಲಕೋಟದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಸೋಲಾಪುರದಿಂದ ದಿನಾ ಎಸ್‌ಟಿ ಬಸ್ಸಿನಲ್ಲಿ ಓಡಾಡಿ ಸೊಂಟನೋವು ಗಳಿಸಿಕೊಂಡರೇ ಹೊರತು ಯಾರೆದುರೂ ತಲೆ ತಗ್ಗಿಸಿದವರಲ್ಲ. ಅಂಥವರು ಈ ಸಲದ ವಟಪೌರ್ಣಿಮೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತುಬಿಟ್ಟರು.

ಗಂಡ ಪ್ರಹ್ಲಾದರಾಯರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮುತ್ತೈದೆಯರು ಆಲಕ್ಕೆ ದಾರ ಸುತ್ತಿ ಏಳು ಜನ್ಮಕ್ಕೂ ಇದೇ ಗಂಡನನ್ನು ಬೇಡುವ ದಿನವದು. ಗಂಡ ಇಲ್ಲದವರು ಅತ್ತ ಹಾಯಬಾರದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅತ್ತೆಗೆ ನೋವಾದೀತೆಂದು ಸೊಸೆ ಶ್ರೀಲೇಖಾ ದಾರದ ಉಂಡೆಯನ್ನು ಡಬ್ಬಿಯ ಹಿಂದೆ ಅಡಗಿಸಿಟ್ಟು, ಆಫೀಸಿನಲ್ಲಿ ಕೆಲಸ ಬಹಳ, ಈ ವರ್ಷ ಪೂಜೆ ಬೇಡ ಅಂದಳು. ಈ ಕನಿಕರ ಕುಮುದಿನಿಬಾಯಿಯವರನ್ನು ಕಟ್ಟಳೆಗಿಂತ ಹೆಚ್ಚು ಚುಚ್ಚಿತು. ಅವರಿಗೆ ಬೇಕಾಗಿದ್ದುದು ದಾರವಲ್ಲ, ಗಂಡ ಕೂಡುತ್ತಿದ್ದ ಜಾಗ.

ಪ್ರತಿ ವರ್ಷ ರಾಯರು ಜೊತೆಗೇ ಬಂದು ಹೆಂಡತಿಯ ಚಪ್ಪಲಿ ಕಾಯುತ್ತ ಕಟ್ಟೆಯ ತುದಿಗೆ ಕೂಡುತ್ತಿದ್ದರು. ಪೂಜೆಯಲ್ಲಿ ಅವರಿಗೆ ನಂಬಿಕೆ ಅಷ್ಟಕ್ಕಷ್ಟೆ. ಒಮ್ಮೆ, ಆಲಕ್ಕೆ ಇಂಗ್ಲಿಷಿನಲ್ಲಿ ಬನ್ಯನ್ ಅಂತ ಯಾಕನ್ನುತ್ತಾರೆ ಎಂದು ಕೇಳಿದ್ದರು. ಪರ್ಶಿಯಾದ ಬಂದರಿನಲ್ಲಿ ಗುಜರಾತಿ ವಾಣಿಗಳು, ಅಂದರೆ ಬನಿಯಾ ವ್ಯಾಪಾರಿಗಳು, ಈ ಜಾತಿಯ ಮರದ ನೆರಳಿಗೆ ಕೂಡುತ್ತಿದ್ದರಂತೆ. ಅದನ್ನು ಕಂಡ ಬಿಳಿಯರು ಅವರ ಹೆಸರನ್ನೇ ಮರಕ್ಕೂ ಹಚ್ಚಿದರಂತೆ ಎಂದು ಬಾಯಿಯವರು ಅಲ್ಲೇ ಪಾಠ ಮಾಡಿದ್ದರು.

"ಹಂಗಾದ್ರ ನಾನೂ ವಾಣಿನೇ," ಎಂದು ರಾಯರು ನಕ್ಕಿದ್ದರು. "ನೀ ಏಳ ಜನ್ಮದ ಸೌದಾ ಮುಗಿಸ್ಕೊಂಡ ಬಾ. ನಾ ಕೂತಿರ್ತೀನಿ."

ಕುಮುದಿನಿಬಾಯಿ ಉಂಡೆಯನ್ನು ಹುಡುಕಿ ತೆಗೆದು ಸೊಸೆಯ ಕೈಗಿಟ್ಟರು. ತಾವೂ ಅವಳ ಜೊತೆ ಹೊರಟರು.

ಕಟ್ಟೆಯ ಮೇಲೆ ಮುತ್ತೈದೆಯರು ಆಗಲೇ ಸೇರಿದ್ದರು. ಕುಮುದಿನಿಬಾಯಿಯನ್ನು ಕಂಡದ್ದೇ ಓಣಿಗೆ ಹಿರಿಯರಾದ ಶಾರದಾಬಾಯಿ ಆರತಿಯ ತಾಟಿಗೆ ಸೆರಗು ಮುಚ್ಚಿ, ಇವತ್ತೊಂದು ದಿನ ನೀವು ಬರಬಾರದಿತ್ತು ಅಂದರು. ಕೆಟ್ಟತನದಿಂದಲ್ಲ, ಹೆದರಿಕೆಯಿಂದ.

"ನಾ ದಾರಾ ಸುತ್ತಾಕ ಬಂದಿಲ್ರಿ," ಅಂದರು ಕುಮುದಿನಿಬಾಯಿ. "ಕೂಡಾಕ ಬಂದೀನಿ. ಈ ಗಿಡಕ್ಕ ಕೂತವರ ಹೆಸರೂ ಐತ್ರಿ."

ಶಾರದಾಬಾಯಿಗೆ ಅದು ತಿಳಿಯಲಿಲ್ಲ. ತಾಟೆತ್ತಿಕೊಂಡು ಆಚೆ ಮಗ್ಗುಲಿಗೆ ಹೋದರು, ಉಳಿದವರೂ ಅವರ ಬೆನ್ನಿಗೇ ಹೋದರು. ಕುಮುದಿನಿಬಾಯಿ ರಾಯರ ಜಾಗದಲ್ಲಿ ಕೂತರು. ಸೊಸೆಯೂ ಆಚೆ ಹೋದರೆ ತಪ್ಪೆನ್ನುವಂತಿರಲಿಲ್ಲ.

ಶ್ರೀಲೇಖಾ ಒಂದು ಗಳಿಗೆ ಆ ಕಡೆ ನೋಡಿದಳು. ಆಮೇಲೆ ಚಪ್ಪಲಿ ಬಿಚ್ಚಿ ಅತ್ತೆಯ ಕಾಲ ಬಳಿ ಇಟ್ಟಳು.

"ಇವನ್ನ ನೋಡ್ಕೋರಿ ಅತ್ತಿ, ನಾ ಬಂದೆ."

ಅವಳು ಮೊದಲ ಸುತ್ತಿಗೆ ಹೊರಟಳು. ರಾಯರ ಹೆಣದ ಮುಂದೆಯೂ ನಾಲ್ಕು ಜನರೆದುರು ಅಳದಿದ್ದ ಕುಮುದಿನಿಬಾಯಿ, ಆ ಚಪ್ಪಲಿಗಳನ್ನು ಹತ್ತಿರಕ್ಕೆ ಎಳೆದುಕೊಂಡು ಎಲ್ಲರೆದುರೇ ಅತ್ತರು.